ಎರಡನೇ ಸಲದ ರಕ್ತ

ಆ ಬೀದಿಯಲ್ಲಿ ಯಾರಿಗೂ ಎದೆನೋವು ಬರುವುದಿಲ್ಲ. ಬರುವುದೆಲ್ಲ ಗ್ಯಾಸು. ಎದೆ ಹಿಂಡಿದರೂ ಗ್ಯಾಸು, ಎಡಗೈ ಜೋಮು ಹಿಡಿದರೂ ಗ್ಯಾಸು, ದವಡೆ ಎಳೆದರೂ ಗ್ಯಾಸು. ಮೂಲೆಮನೆಯ ಕಂಡಕ್ಟರ್ ಕುರ್ಚಿಯಲ್ಲಿ ಕೂತ ಹಾಗೆಯೇ ಹೋದಾಗಲೂ ನೋಡಲು ಬಂದವರು, "ಪಾಪ, ಗ್ಯಾಸು ಮೇಲಕ್ಕೇರಿಬಿಡ್ತು" ಎಂದೇ ಮಾತಾಡಿಕೊಂಡು ಹೋದರು.

ಆ ಬೀದಿಯ ನಡುವೆ ಒಂದು ಬೇಕರಿ. ಮುಂದೆ ಗಾಜಿನ ಪೆಟ್ಟಿಗೆ, ಹಿಂದೆ ಇಟ್ಟಿಗೆಯ ಒಲೆ, ಒಲೆಯ ಹಿಂದಿನ ಕೋಣೆಯಲ್ಲಿ ಸಂಸಾರ. ಗಂಡನನ್ನು ಬೀದಿಯವರು ಬೇಕರಿಯಣ್ಣ ಎನ್ನುತ್ತಿದ್ದರು, ಹೆಂಡತಿಯನ್ನು ಬೇಕರಿಯಕ್ಕ. ಬೇಕರಿಯಣ್ಣನಿಗೆ ಒಬ್ಬ ಅಣ್ಣನಿದ್ದ. ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ ತಲುಪಿಸುವುದು ಅವನ ಕೆಲಸ, ಯಾವ ಮಾತೆತ್ತಿದರೂ "ನಂಗೊತ್ತು" ಎಂದು ಶುರು ಮಾಡುವುದು ಅವನ ಅಭ್ಯಾಸ. ಅದಕ್ಕೇ ಜನ ಅವನಿಗೆ ನಂಗೊತ್ತಪ್ಪ ಎಂದು ಹೆಸರಿಟ್ಟಿದ್ದರು. ಎದುರಿಗೇ ಹಾಗೆ ಕರೆದರೂ ಅವನಿಗೆ ಬೇಜಾರಿರಲಿಲ್ಲ. ಅದೊಂದು ಬಿರುದು ಎಂದುಕೊಂಡಿದ್ದ.

ಬೇಕರಿಯಣ್ಣನ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಅವನ ತಾಯಿ ಬಿಟ್ಟುಹೋದ ಹೆಪ್ಪುಹಿಟ್ಟು ಇನ್ನೂ ಜೀವಂತವಾಗಿತ್ತು. ದಿನಾ ಅದರಲ್ಲಿ ಒಂದು ಹಿಡಿ ತೆಗೆದು ಹೊಸ ಹಿಟ್ಟಿಗೆ ಸೇರಿಸಿ, ಟಬ್ಬಿನಲ್ಲಿ ಉಬ್ಬಲು ಬಿಡುತ್ತಿದ್ದ. ಹದ ಬಂತೋ ಇಲ್ಲವೋ ನೋಡಲು ಅವನದೊಂದು ಕ್ರಮವಿತ್ತು. ಚಿಟಿಕೆ ಹಿಟ್ಟು ಹರಿದು ಲೋಟದ ನೀರಿಗೆ ಹಾಕುವುದು. ತೇಲಿದರೆ ಹದ ಬಂದಿದೆ. ಮುಳುಗಿದರೆ ಇನ್ನೂ ಇಲ್ಲ. ಮದುವೆಯಾದ ಹೊಸದರಲ್ಲಿ ಬೇಕರಿಯಕ್ಕ ಮುಳುಗಿದ ಹಿಟ್ಟನ್ನು ನೋಡಿ, ಕೆಟ್ಟುಹೋಯಿತೆಂದು ಇಡೀ ಟಬ್ಬನ್ನೇ ಚೆಲ್ಲಲು ಹೊರಟಿದ್ದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಮುಳುಗಿತು ಅಂದ್ರೆ ಕೆಟ್ಟಿತು ಅಂತಲ್ಲ ಕಣೇ. ಒಳಗೆ ಕೆಲಸ ನಡೀತಾ ಇದೆ, ಇನ್ನೂ ಮೇಲೆ ಬಂದಿಲ್ಲ ಅಷ್ಟೆ. ಒಂದೇ ಸಲ ನೋಡಿ ತೀರ್ಮಾನ ಮಾಡಬಾರ್ದು. ಹೊತ್ತು ಬಿಟ್ಟು ಇನ್ನೊಂದು ಸಲ ಹಾಕಿ ನೋಡು."

ಬ್ರೆಡ್ ಬೇಗ ಕೊಡಿ ಎಂದು ಗಿರಾಕಿಗಳು ಅವಸರ ಮಾಡಿದರೆ, "ತಾಳಿದವನು ಬಾಳಿಯಾನು ಕಣ್ರೀ" ಎನ್ನುತ್ತಿದ್ದ. ಹೇಳುವುದು ಸುಲಭ. ಹೇಳುವವರೆಲ್ಲ ತಾಳುವ ಹಾಗಿದ್ದರೆ ಈ ಕಥೆ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಇನ್ನೊಂದು ಸಂಗತಿ ಇಲ್ಲಿಯೇ ಹೇಳಿಬಿಡಬೇಕು. ಹಿಟ್ಟು ನಾದುವುದು, ಉಂಡೆ ಕಟ್ಟುವುದು, ತಟ್ಟೆ ತೊಳೆಯುವುದು, ವ್ಯಾಪಾರ, ಎಲ್ಲಕ್ಕೂ ಬೇಕರಿಯಕ್ಕ ಬೇಕು. ಒಲೆಯ ಬಾಗಿಲನ್ನು ಮಾತ್ರ ಅವಳು ಮುಟ್ಟುವ ಹಾಗಿರಲಿಲ್ಲ. ಉದ್ದ ಹಿಡಿಕೆಯ ಮರದ ಸಲಿಕೆ ಹಿಡಿದು ಒಳಗಿಡುವುದು, ತೆಗೆಯುವುದು ಅವನ ಕೈಯೇ ಆಗಬೇಕು. "ನೀನು ಸುಟ್ಟುಬಿಡ್ತೀಯ" ಎನ್ನುತ್ತಿದ್ದ. ಅವಳು ಒಂದೇ ಒಂದು ಬನ್ನನ್ನೂ ಸುಟ್ಟವಳಲ್ಲ. ಸುಡಲು ಅವನು ಬಿಟ್ಟಿದ್ದರೆ ತಾನೆ!

ಆ ದಿನ ಮಧ್ಯಾಹ್ನ ಊಟವಾದ ಮೇಲೆ ಬೇಕರಿಯಣ್ಣ ತಟ್ಟೆ ಎತ್ತಲು ಬಗ್ಗಿದವನು ಹಾಗೆಯೇ ಗೋಡೆಗೆ ಒರಗಿ ನಿಂತ. ಎದೆಯ ಮೇಲೆ ಯಾರೋ ಮೈದಾ ಮೂಟೆ ಇಟ್ಟ ಹಾಗಾಗಿತ್ತು.

"ಏನ್ರೀ?" ಎಂದಳು ಬೇಕರಿಯಕ್ಕ.

"ಏನಿಲ್ಲ, ಗ್ಯಾಸು. ಒಂದು ಸೋಡಾ ತಂದ್ಕೊಡು."

ಹಣೆಯಲ್ಲಿ ಬೆವರಿಳಿಯುತ್ತಿತ್ತು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಒಲೆಯ ಮುಂದೆ ನಿಲ್ಲುವವನು ವರ್ಷವಿಡೀ ಬೆವರುತ್ತಾನೆ, ಬೇಕರಿಯವನ ಬೆವರನ್ನು ಯಾರೂ ಬೆವರು ಎಂದು ಲೆಕ್ಕಕ್ಕಿಡುವುದಿಲ್ಲ. ಅವಳೂ ಇಡುತ್ತಿರಲಿಲ್ಲವೇನೋ. ಸೋಡಾ ಕೊಡುವಾಗ ಅವನ ಕೈ ಅವಳ ಕೈಗೆ ತಗುಲಿತು. ಒಲೆ ಧಗಧಗ ಉರಿಯುತ್ತಿದೆ, ಅವನ ಕೈ ಮಾತ್ರ ಮಣ್ಣಿನ ಮಡಕೆಯ ಹಾಗೆ ತಣ್ಣಗಿದೆ. ಅವಳು ಬೀದಿಬಾಗಿಲಿಗೆ ಓಡಿದಳು.

"ಭಾವಾ, ವ್ಯಾನ್ ತೆಗೀರಿ!" ಎಂದು ಕೂಗಿದಳು.

"ನಂಗೊತ್ತು, ಇದು ಗ್ಯಾಸೇ..." ಎಂದು ನಂಗೊತ್ತಪ್ಪ ಶುರು ಮಾಡಿದ.

"ಗೊತ್ತಿದ್ರೆ ದಾರೀಲಿ ಹೇಳಿ. ಮೊದ್ಲು ವ್ಯಾನ್ ತೆಗೀರಿ."

ಅಷ್ಟರಮಟ್ಟಿಗೆ ಅವಳು ಸರಿಯಾಗಿಯೇ ಮಾಡಿದಳು. ನೋವು ಶುರುವಾಗಿ ಒಂದು ಗಂಟೆಯೊಳಗೆ ಅವರು ದೊಡ್ಡಾಸ್ಪತ್ರೆಯಲ್ಲಿದ್ದರು. ಅಲ್ಲಿಯವರೂ ತಡ ಮಾಡಲಿಲ್ಲ. ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು, ಮಾತ್ರೆ ಕೊಟ್ಟರು, ತೋಳಿನಿಂದ ರಕ್ತ ತೆಗೆದರು. ಸ್ವಲ್ಪ ಹೊತ್ತಿನಲ್ಲಿ ಎದೆಯ ಭಾರ ಇಳಿಯಿತು, ಮುಖಕ್ಕೆ ಬಣ್ಣ ಬಂತು. ಡಾಕ್ಟರಮ್ಮ ಬಂದು, ಇಸಿಜಿಯಲ್ಲಿ ಎದ್ದು ಕಾಣುವಂಥದ್ದೇನೂ ಇಲ್ಲ, ರಕ್ತದ ಅಂಕಿಯೂ ಸದ್ಯಕ್ಕೆ ಮಿತಿಯೊಳಗಿದೆ, ಆದರೂ ಇವರು ಇಲ್ಲಿಯೇ ಇರಬೇಕು, ಇನ್ನೊಮ್ಮೆ ರಕ್ತ ನೋಡಬೇಕು ಎಂದು ಹೇಳಿ ಪಕ್ಕದ ಹಾಸಿಗೆಗೆ ಹೋದರು.

"ಸದ್ಯಕ್ಕೆ" ಎಂಬ ಮಾತು ಅಣ್ಣತಮ್ಮಂದಿರಿಬ್ಬರ ಕಿವಿಗೂ ಬೀಳಲಿಲ್ಲ.

"ನಂಗೊತ್ತಿತ್ತು!" ಎಂದು ನಂಗೊತ್ತಪ್ಪ ತೊಡೆ ತಟ್ಟಿಕೊಂಡ. "ನಾರ್ಮಲ್! ನಾನು ಹೇಳ್ಲಿಲ್ವಾ? ನಮ್ಮ ವಂಶದಲ್ಲೇ ಹಾರ್ಟಿನ ಕಾಯಿಲೆ ಇಲ್ಲ."

ಬೇಕರಿಯಣ್ಣ ಆಗಲೇ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ರಕ್ತ ತೆಗೆದಿದ್ದ ಸಿಸ್ಟರ್ ನೋಡಿ ಓಡಿಬಂದರು.

"ಎಲ್ಲಿಗೆ ಹೊರಟ್ರಿ? ಮೂರು ಗಂಟೆ ಬಿಟ್ಟು ಇನ್ನೊಂದು ಸಲ ರಕ್ತ ತೆಗೀಬೇಕು."

"ಈಗ್ತಾನೆ ತೆಗೆದ್ರಲ್ಲಮ್ಮ. ಸರಿಯಾಗಿದೆ ಅಂದ್ರಲ್ಲ."

ಸಿಸ್ಟರಿಗೆ ಅಂದು ಕೈತುಂಬ ಕೆಲಸವಿತ್ತು. ಆದರೂ ಸ್ಟೂಲ್ ಎಳೆದುಕೊಂಡು ಕೂತರು. "ನೋಡಿ ಅಣ್ಣ, ಹೃದಯ ಅಂದ್ರೆ ಒಂದು ಮಾಂಸಖಂಡ. ಅದಕ್ಕೆ ರಕ್ತ ಸರಿಯಾಗಿ ಸಿಗದೆ ಏಟು ಬಿದ್ರೆ, ಅದರೊಳಗಿರೋ ಒಂದು ಪ್ರೋಟೀನು ರಕ್ತಕ್ಕೆ ಸೋರುತ್ತೆ. ಟ್ರೋಪೋನಿನ್ ಅಂತ ಅದರ ಹೆಸರು. ನಾವು ಹುಡುಕ್ತಿರೋದು ಅದನ್ನೇ. ಆದ್ರೆ ಅದು ಏಟು ಬಿದ್ದ ತಕ್ಷಣ ಕಾಣಲ್ಲ. ಸೋರಿ, ನಮ್ಮ ಮಿಷಿನ್ನಿಗೆ ಸಿಗೋ ಅಷ್ಟು ಏರೋಕೆ ಹೊತ್ತು ಬೇಕು. ನೀವು ಬೇಗ ಬಂದಿದ್ದೀರ, ತುಂಬಾ ಒಳ್ಳೇದು ಮಾಡಿದ್ರಿ. ಬೇಗ ಬಂದಿದ್ದಕ್ಕೇ ಅದು ಇನ್ನೂ ಕಾಣದೇ ಇರಬಹುದು. ಮೊದಲನೇ ಅಂಕಿ, ಎರಡನೇ ಅಂಕಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಗೊತ್ತಾಗುತ್ತೆ, ಏರ್ತಿದೆಯಾ, ಹಾಗೇ ಇದೆಯಾ ಅಂತ."

"ನಂಗೊತ್ತು ಸಿಸ್ಟರ್ ಇವೆಲ್ಲ," ಎಂದ ನಂಗೊತ್ತಪ್ಪ. "ವ್ಯಾನಲ್ಲಿ ಡೀಸೆಲ್ ಎಷ್ಟಿದೆ ಅಂತ ಮುಳ್ಳನ್ನ ಒಂದು ಸಲ ನೋಡಿದ್ರೆ ಸಾಕು. ಹತ್ತು ಸಲ ನೋಡ್ತೀವಾ?"

"ಟ್ಯಾಂಕು ಸೋರ್ತಿದೆ ಅಂತ ಅನುಮಾನ ಬಂದ್ರೆ?" ಎಂದರು ಸಿಸ್ಟರ್. "ಆಗ ಹೊತ್ತು ಬಿಟ್ಟು ಇನ್ನೊಂದು ಸಲ ನೋಡಲ್ವಾ?"

ಸಿಕ್ಕಿಬಿದ್ದಾಗ ಎಲ್ಲರೂ ಹೇಳುವುದನ್ನೇ ನಂಗೊತ್ತಪ್ಪನೂ ಹೇಳಿದ. "ಎಲ್ಲಾ ದುಡ್ಡು ಕೀಳೋ ದಾರಿ."

ಬೇಕರಿಯಣ್ಣನ ತಲೆಯಲ್ಲಿ ಇದ್ದದ್ದು ದುಡ್ಡಲ್ಲ, ಹಿಟ್ಟು. ಬರುವ ಮೊದಲು ಹಾಸ್ಟೆಲ್ಲಿನ ಆರ್ಡರಿಗೆಂದು ದೊಡ್ಡ ಟಬ್ಬು ತುಂಬ ಕಲಸಿಟ್ಟಿದ್ದ. ಹೊತ್ತಿಗೆ ಸರಿಯಾಗಿ ಒಲೆಗೆ ಹಾಕದಿದ್ದರೆ ಅದು ಉಕ್ಕಿ, ಹುಳಿಯಾಗಿ, ಕುಸಿದುಹೋಗುತ್ತದೆ.

"ಹೋಗಿ ಒಲೆಗೆ ಹಾಕಿ ವಾಪಸ್ ಬಂದುಬಿಡ್ತೀನಿ ಸಿಸ್ಟರ್. ಹಿಟ್ಟು ಕಾಯಲ್ಲ."

ಬೇಕರಿಯಕ್ಕನಿಗೆ ಆಗ ಫಕ್ಕನೆ ಲೋಟದ ನೀರು ಕಣ್ಣಿಗೆ ಕಟ್ಟಿತು. ಅವಳು ಅವನ ತೋಳು ಹಿಡಿದುಕೊಂಡಳು.

"ರೀ, ನೀವೇ ಹೇಳ್ತೀರಲ್ಲ, ಮೊದಲನೇ ಸಲ ಮುಳುಗಿದ್ರೆ ಮುಗೀತು ಅಂತಲ್ಲ, ಇನ್ನೊಂದು ಸಲ ಹಾಕಿ ನೋಡ್ಬೇಕು ಅಂತ. ಇದೂ ಹಾಗೇ ಅಲ್ವಾ? ಒಳಗೆ ನಡೀತಾ ಇದ್ರೆ? ಇನ್ನೂ ಮೇಲೆ ಬಂದಿಲ್ಲ ಅಂತಿದ್ರೆ?"

"ಲೇ, ನಾನೇನು ಹಿಟ್ಟಿನ ಉಂಡೆಯಾ ತೇಲೋಕೆ?" ಎಂದು ಅವನು ನಕ್ಕ. ನಂಗೊತ್ತಪ್ಪನೂ ನಕ್ಕ. ಪಕ್ಕದ ಹಾಸಿಗೆಯ ರೋಗಿಯೂ ನಕ್ಕ. ಅವಳ ಮಾತು ಆ ನಗುವಿನಲ್ಲಿ ಹೋಯಿತು.

"ಸರಿ, ನಾನು ಹೋಗ್ತೀನಿ," ಎಂದಳು ಅವಳು. "ಭಾವ ವ್ಯಾನಲ್ಲಿ ಮನೆಗೆ ಬಿಡ್ತಾರೆ. ನಾನು ಒಲೆಗೆ ಹಾಕಿ, ಬೇಯಿಸಿ, ತೆಗೆದು ಬರ್ತೀನಿ. ನೀವು ಇಲ್ಲೇ ಇರಿ."

ಅವನ ನಗು ನಿಂತಿತು. "ನೀನಾ? ಇಡೀ ಆರ್ಡರ್ ಸುಟ್ಟು ಬೂದಿ ಮಾಡ್ತೀಯ."

ಸಿಸ್ಟರ್ ಕೈಮುಗಿಯುವುದೊಂದು ಬಾಕಿ. ಡಾಕ್ಟರಮ್ಮ ಮತ್ತೆ ಬಂದು ಗದರಿದರು, ದಾರಿಯಲ್ಲಿ ಏನು ಬೇಕಾದರೂ ಆಗಬಹುದು ಎಂದರು. ಅವನು ಕೇಳಲಿಲ್ಲ. ನನ್ನ ಜವಾಬ್ದಾರಿಯ ಮೇಲೆ ಹೋಗುತ್ತಿದ್ದೇನೆ ಎಂಬ ಕಾಗದಕ್ಕೆ ಸಹಿ ಹಾಕಿ, ರಿಪೋರ್ಟನ್ನು ಮಡಚಿ ಜೇಬಿಗಿಟ್ಟುಕೊಂಡು, ಹೆಂಡತಿಗಿಂತ ಮುಂದಾಗಿ ಮೆಟ್ಟಿಲಿಳಿದ. ಜವಾಬ್ದಾರಿ ಅವನದಂತೆ! ಆಮೇಲೆ ಅದನ್ನು ಹೊತ್ತವರು ಯಾರೆಂದು ಮುಂದೆ ನೋಡುತ್ತೀರಿ.

ಆ ಸಂಜೆಯ ಬ್ರೆಡ್ ಬಲು ಚೆನ್ನಾಗಿ ಬಂತು. ಹೊಂಬಣ್ಣ, ಒಂದೂ ಬಿರುಕಿಲ್ಲ. ಬಂದ ಗಿರಾಕಿಗಳಿಗೆಲ್ಲ ಬೇಕರಿಯಣ್ಣ ಬ್ರೆಡ್ಡಿನ ಜೊತೆ ರಿಪೋರ್ಟನ್ನೂ ತೋರಿಸಿದ. "ನೋಡಿ, ಹಾರ್ಟು ಕಬ್ಬಿಣದ ಹಾಗಿದೆ ಅಂತ ಬರೆದುಕೊಟ್ಟಿದ್ದಾರೆ." ಹಾಗೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಅಷ್ಟರಲ್ಲಿ ಮೈದಾ ಮೂಟೆ ಮತ್ತೆ ಬಂದು ಎದೆಯ ಮೇಲೆ ಕೂತಿತ್ತು. ಅದನ್ನವನು ಯಾರಿಗೂ ಹೇಳಲಿಲ್ಲ. ಕಬ್ಬಿಣದ ಹಾರ್ಟಿನವನು ಹೇಗೆ ಹೇಳಿಯಾನು!

ಬೇಕರಿಯಕ್ಕ ಮಾತ್ರ ಬಿಡದೆ ಕೇಳುತ್ತಿದ್ದಳು. "ಈಗ ಹೋಗೋಣ್ವಾ? ಒಲೆ ಕೆಲಸ ಮುಗೀತಲ್ಲ?"

"ನಾಳೆ," ಎಂದ ಅವನು. ಸ್ವಲ್ಪ ಹೊತ್ತು ಬಿಟ್ಟು ಅವಳು ಮತ್ತೆ ಕೇಳಿದಳು. "ನಾಳೆ ಅಂದ್ನಲ್ಲ!" ಎಂದು ರೇಗಿದ. ಅವಳು ತಟ್ಟೆ ತೊಳೆಯಲು ಹೋದಳು.

ಬೆಳಗಾಗುವ ಹೊತ್ತಿಗೆ ಅವನಿಗೆ ಮಲಗಲು ಆಗುತ್ತಿರಲಿಲ್ಲ. ಒರಗಿದರೆ ಉಸಿರು ಕಟ್ಟುತ್ತಿತ್ತು, ಎದ್ದು ಕೂತರೆ ಎದೆಯೊಳಗೆ ನೀರು ಕುದಿಯುವ ಸದ್ದು. ತುಟಿ ಕಪ್ಪಿಟ್ಟಿತ್ತು. ವ್ಯಾನಿನೊಳಗಿನ ಬ್ರೆಡ್ ಕ್ರೇಟುಗಳನ್ನು ಬೀದಿಗೆಸೆದು ಅವನನ್ನು ಮಲಗಿಸಿಕೊಂಡು ಹೋದರು. ನಂಗೊತ್ತಪ್ಪ ದಾರಿಯುದ್ದಕ್ಕೂ ಹಾರ್ನ್ ಒತ್ತುತ್ತಲೇ ಇದ್ದ.

ಎರಡನೇ ಸಲದ ರಕ್ತವನ್ನು ಕೊನೆಗೂ ತೆಗೆದರು. ಮೂರು ಗಂಟೆಯ ಬದಲು ಒಂದು ರಾತ್ರಿ ಕಳೆದಿತ್ತು. ಅಂಕಿ ಮಿತಿಯನ್ನು ದಾಟಿ ಎಲ್ಲಿಗೋ ಹೋಗಿತ್ತು.

"ನಿನ್ನೆ ನಾರ್ಮಲ್ ಇತ್ತಲ್ಲ ಡಾಕ್ಟ್ರೇ!" ನಂಗೊತ್ತಪ್ಪ ತಮ್ಮನ ಅಂಗಿಯ ಜೇಬಿನಿಂದ ಆ ರಿಪೋರ್ಟನ್ನು ತೆಗೆದು ಒಡ್ಡಿದ.

"ನಿನ್ನೆ ಇದು ಶುರುವಾಗಿತ್ತು," ಎಂದರು ಡಾಕ್ಟರಮ್ಮ. "ಅದಕ್ಕೇ ಇರಿ ಅಂದಿದ್ದು."

ರಕ್ತನಾಳದಲ್ಲಿ ಸ್ಟೆಂಟ್ ಹಾಕಿದರು. ಎದೆಯಲ್ಲಿ ತುಂಬಿದ್ದ ನೀರನ್ನು ಔಷಧಿಯಿಂದ ಇಳಿಸಿದರು. ಜೀವ ಉಳಿಯಿತು. ಕೆಲವು ದಿನ ಬಿಟ್ಟು ಇನ್ನೊಂದು ಬಗೆಯ ರಕ್ತಪರೀಕ್ಷೆಯಾಯಿತು. ಇದೇನು ಹೊಸದು ಎಂದು ಬೇಕರಿಯಕ್ಕ ಕೇಳಿದಳು. ಈಗ ಅವಳು ಎಲ್ಲವನ್ನೂ ಕೇಳುತ್ತಿದ್ದಳು.

"ಇದಕ್ಕೆ ಬಿಎನ್‌ಪಿ ಅಂತಾರೆ," ಎಂದರು ಡಾಕ್ಟರಮ್ಮ. "ಹೃದಯ ಸೋತು, ಹಿಗ್ಗಿ, ಏದುಸಿರು ಬಿಡ್ತಾ ಕೆಲಸ ಮಾಡುವಾಗ ರಕ್ತಕ್ಕೆ ಇದನ್ನ ಜಾಸ್ತಿ ಬಿಡುತ್ತೆ. ಟ್ರೋಪೋನಿನ್ ಏಟು ಬಿತ್ತಾ ಅಂತ ಹೇಳುತ್ತೆ. ಇದು ಏಟು ತಿಂದ ಮೇಲೆ ಹೃದಯ ಎಷ್ಟು ಕಷ್ಟಪಡ್ತಿದೆ, ಮುಂದೆ ಎಷ್ಟು ಹುಷಾರಾಗಿರ್ಬೇಕು ಅಂತ ಅಂದಾಜು ಮಾಡೋಕೆ. ಭವಿಷ್ಯ ಹೇಳೋದಲ್ಲಮ್ಮ, ಅಂದಾಜು. ಇಸಿಜಿ, ಸ್ಕ್ಯಾನು ಎಲ್ಲಾ ಸೇರಿಸಿ ನೋಡ್ತೀವಿ."

"ಇವ್ರದ್ದು?"

"ಜಾಸ್ತಿ ಇದೆ. ಸ್ಕ್ಯಾನಲ್ಲೂ ಹೃದಯದ ಒಂದು ಭಾಗ ಆಡ್ತಾ ಇಲ್ಲ. ಮಾತ್ರೆ ಬಿಡಬಾರ್ದು. ಉಪ್ಪು ಕಮ್ಮಿ. ದಿನಾ ಬೆಳಿಗ್ಗೆ ತೂಕ ನೋಡ್ಬೇಕು, ಇದ್ದಕ್ಕಿದ್ದ ಹಾಗೆ ಏರಿದ್ರೆ ತಕ್ಷಣ ಬರ್ಬೇಕು. ಒಲೆಯ ಮುಂದೆ ನಿಲ್ಲೋದು, ಮೂಟೆ ಎತ್ತೋದು ಇನ್ನು ಬೇಡ."

ಬೇಕರಿಯಕ್ಕ ಕೇಳಬಾರದು ಎಂದುಕೊಂಡಿದ್ದನ್ನು ಕೇಳಿಯೇಬಿಟ್ಟಳು. "ಅವತ್ತು ಇಲ್ಲೇ ಇದ್ದಿದ್ರೆ?"

ಡಾಕ್ಟರಮ್ಮ ಕೈಯಲ್ಲಿದ್ದ ಸ್ಕ್ಯಾನಿನ ಕಾಗದವನ್ನು ಮಡಚಿಟ್ಟರು. "ಎಲ್ಲರ ವಿಷಯದಲ್ಲೂ ಖಂಡಿತ ಅಂತ ಹೇಳೋಕಾಗಲ್ಲ. ಇವ್ರ ವಿಷಯದಲ್ಲಿ, ಹೋಗಿರೋದ್ರಲ್ಲಿ ಹೆಚ್ಚಿನ ಭಾಗ ಉಳೀತಿತ್ತು ಅಂತ ನನಗನ್ನಿಸುತ್ತೆ."

ಮಂಚದ ಮೇಲೆ ಬೇಕರಿಯಣ್ಣ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಬಂದಿರಲಿಲ್ಲ. ಅವನ ರೆಪ್ಪೆ ಅದುರುವುದು ಅವಳಿಗೆ ಕಾಣುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮನೆಗೆ ಬಂದ ಮೇಲೆ ಒಲೆ ಹಚ್ಚುವವರು ಯಾರು? ಬೇಕರಿಯಕ್ಕನೇ. ಮರದ ಸಲಿಕೆಯ ಹಿಡಿಕೆ ಅವನ ಕೈಗೆ ಸವೆದಿತ್ತು, ಅವಳ ಬೆರಳುಗಳು ಆ ಸವಕಲಿನಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ಮೊದಲ ದಿನ ಒಲೆಯ ಬಾಗಿಲು ತೆಗೆದಾಗ ಬಿಸಿಗಾಳಿ ಮುಖಕ್ಕೆ ಹೊಡೆದು ಕಣ್ಣಲ್ಲಿ ನೀರು ಬಂತು. ಬ್ರೆಡ್ ಹೊಂಬಣ್ಣವಾಗಿ ಬಂತು. ಒಂದೂ ಸುಡಲಿಲ್ಲ.

ಅವನು ಬಾಗಿಲ ಬಳಿಯ ಕುರ್ಚಿಯಿಂದ ನೋಡುತ್ತಿದ್ದ. ಅದಕ್ಕಿಂತ ಹೆಚ್ಚಿನ ಕೆಲಸ ಅವನಿಗೀಗ ಇರಲಿಲ್ಲ. "ಚೆನ್ನಾಗಿ ಬಂದಿದೆ," ಎಂದ.

ಈ ಮಾತಿಗಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು. ಈಗ ಕೇಳಿ ಸಂತೋಷವಾಗಲಿಲ್ಲ, ಸಿಟ್ಟು ಬಂತು. ಈ ಮಾತನ್ನು ಆ ದಿನ ಆಸ್ಪತ್ರೆಯಲ್ಲಿ ಹೇಳಿದ್ದರೆ, ಒಂದೇ ಒಂದು ಸಲ ಸಲಿಕೆಯನ್ನು ನನ್ನ ಕೈಗೆ ಕೊಟ್ಟಿದ್ದರೆ, ಎಂದುಕೊಂಡಳು. ಏದುಸಿರು ಬಿಡುವವನ ಮೇಲೆ ರೇಗುವುದಾದರೂ ಹೇಗೆ? ತಟ್ಟೆಗಳನ್ನು ಸ್ವಲ್ಪ ಜೋರಾಗಿ ಕುಕ್ಕಿದಳು, ಅಷ್ಟೆ.

ಕೆಲವು ತಿಂಗಳು ಹೀಗೆ ನಡೆಯಿತು. ಒಂದು ಬೆಳಿಗ್ಗೆ ಹಿಟ್ಟು ಕಲಸಿ ಟಬ್ಬಿಗೆ ಹಾಕಿ ಸೊಂಟ ನೆಟ್ಟಗೆ ಮಾಡಿದಾಗ ಬೇಕರಿಯಕ್ಕನಿಗೆ ದವಡೆ ಎಳೆದ ಹಾಗಾಯಿತು. ಬೆನ್ನಿನಲ್ಲಿ ಭಾರ, ಹೊಟ್ಟೆ ತೊಳಸು, ಕಾಲಲ್ಲಿ ಶಕ್ತಿಯೇ ಇಲ್ಲ. ಎದೆ ನೋಯುತ್ತಿರಲಿಲ್ಲ. ಅವಳು ಮೂಟೆಯ ಮೇಲೆ ಕೂತಳು.

"ಏನಾಯ್ತೇ?" ಎಂದ ಅವನು.

"ಏನಿಲ್ಲ ಕಣ್ರೀ. ಗ್ಯಾಸು."

ಆ ಮಾತು ತನ್ನ ಬಾಯಿಂದ ಬಂದದ್ದು ಅವಳಿಗೇ ಆಶ್ಚರ್ಯ. ಇಷ್ಟೆಲ್ಲ ಅನುಭವಿಸಿದ ಮೇಲೂ ನಾಲಿಗೆಗೆ ಮೊದಲು ಸಿಕ್ಕಿದ್ದು ಅದೇ. ಬೇಕರಿಯಣ್ಣ ಕುರ್ಚಿಯಿಂದ ಎದ್ದುಬಿಟ್ಟ. ತಿಂಗಳುಗಳಿಂದ ಅವನು ಅಷ್ಟು ಬೇಗ ಎದ್ದಿರಲಿಲ್ಲ. ಎದ್ದವನು ಗೋಡೆ ಹಿಡಿದು ನಿಂತು ಉಸಿರು ಎಳೆದುಕೊಂಡ.

"ಆ ಮಾತು ಇನ್ನೊಂದು ಸಲ ಬಾಯಲ್ಲಿ ಬಂದ್ರೆ ನೋಡು," ಎಂದ. "ಅಣ್ಣಾ! ವ್ಯಾನ್!"

ನಂಗೊತ್ತಪ್ಪ ಓಡಿಬಂದ. "ನಂಗೊ..." ಎಂದವನು ಮಾತನ್ನು ಅಲ್ಲಿಗೇ ನುಂಗಿಕೊಂಡು ವ್ಯಾನಿನ ಬಾಗಿಲು ತೆಗೆದ.

ಅದೇ ಆಸ್ಪತ್ರೆ, ಅದೇ ಸಿಸ್ಟರ್. ಇಸಿಜಿ ಆಯಿತು, ರಕ್ತ ತೆಗೆದರು. ಹೆಂಗಸರಿಗೆ ಎಷ್ಟೋ ಸಲ ಎದೆನೋವೇ ಇರುವುದಿಲ್ಲ, ದವಡೆ, ಬೆನ್ನು, ವಾಕರಿಕೆ, ವಿಪರೀತ ಸುಸ್ತು ಹೀಗೆಲ್ಲ ಶುರುವಾಗಬಹುದು, ಬಂದದ್ದು ಒಳ್ಳೆಯದಾಯಿತು ಎಂದರು ಸಿಸ್ಟರ್. ಮೊದಲ ಅಂಕಿ ಮಿತಿಯೊಳಗಿತ್ತು.

"ಮೂರು ಗಂಟೆ ಬಿಟ್ಟು..." ಎಂದು ಸಿಸ್ಟರ್ ಶುರು ಮಾಡಿದರು.

"ಇರ್ತೀವಿ," ಎಂದ ಬೇಕರಿಯಣ್ಣ, ಅವರು ಮುಗಿಸುವ ಮೊದಲೇ.

ಬೇಕರಿಯಕ್ಕನಿಗೆ ದವಡೆಯ ಎಳೆತ ಇಳಿದಿತ್ತು. ಈಗ ತಲೆಗೆ ಬಂದದ್ದು ಟಬ್ಬು. "ರೀ, ಹಿಟ್ಟು! ಹೊತ್ತಿಗೆ ಸರಿಯಾಗಿ ಒಲೆಗೆ ಹಾಕ್ದಿದ್ರೆ ಉಕ್ಕಿಬಿಡುತ್ತೆ. ನಾನೊಂದು ಗಳಿಗೆ ಹೋಗಿ..."

"ಉಕ್ಲಿ."

"ಅಷ್ಟೂ ಹಿಟ್ಟು ಹಾಳಾಗುತ್ತೆ ಕಣ್ರೀ."

"ಹಾಳಾಗ್ಲಿ. ಮಲ್ಕೋ."

ಅವಳು ಮಲಗಿದಳು. ಅವನು ಪಕ್ಕದ ಬೆಂಚಿನ ಮೇಲೆ ಕೂತ. ನಂಗೊತ್ತಪ್ಪ ಟೀ ತಂದ. ಎದುರು ಹಾಸಿಗೆಯ ಮುದುಕ ಯಾರದೋ ಜೊತೆ ಚಪ್ಪಲಿ ಕಳೆದುಹೋಯಿತೆಂದು ಜಗಳ ತೆಗೆದ, ಚಪ್ಪಲಿ ಅವನ ಮಂಚದ ಕೆಳಗೇ ಸಿಕ್ಕಿತು. ಫ್ಯಾನು ಒಂದೇ ರಾಗದಲ್ಲಿ ಕಿರುಗುಟ್ಟುತ್ತಿತ್ತು. ಅವಳಿಗೆ ಒಂದು ಜೊಂಪು ಬಂತು, ಎದ್ದಾಗ ಅವನು ಹಾಗೆಯೇ ಕೂತಿದ್ದ. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಸಿಸ್ಟರ್ ಬಂದು ಇನ್ನೊಮ್ಮೆ ಇಸಿಜಿ ಮಾಡಿ, ಎರಡನೇ ಸಲ ರಕ್ತ ತೆಗೆದರು.

ಎರಡನೇ ಅಂಕಿಯೂ ಮೊದಲಿನದರಷ್ಟೇ ಇತ್ತು. ಏರಿರಲಿಲ್ಲ. ಡಾಕ್ಟರಮ್ಮ ಎರಡು ಇಸಿಜಿಗಳನ್ನೂ ಎರಡು ಅಂಕಿಗಳನ್ನೂ ಜೊತೆಗಿಟ್ಟು ನೋಡಿ, ಇದು ಹೃದಯಾಘಾತವಲ್ಲ, ಆದರೂ ಮುಂದಿನ ವಾರ ಇನ್ನೊಂದಷ್ಟು ಪರೀಕ್ಷೆಗೆ ಬನ್ನಿ, ನಡುವೆ ಮತ್ತೆ ಹೀಗಾದರೆ ಕಾಯದೆ ಬನ್ನಿ, ಈಗ ಮನೆಗೆ ಹೋಗಬಹುದು ಎಂದರು. ನಂಗೊತ್ತಪ್ಪ ಗಟ್ಟಿಯಾಗಿ ನಕ್ಕು ಕಣ್ಣೊರೆಸಿಕೊಂಡ.

ಬೇಕರಿಯಣ್ಣ ನಗಲಿಲ್ಲ. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದ. ಅವನ ಭುಜ ಅಲುಗುತ್ತಿತ್ತು.

"ಇಷ್ಟೇನಾ?" ಎಂದ. "ಇಲ್ಲಿ ಕೂತ್ಕೊಂಡಿರೋದು. ಇಷ್ಟೇನಾ ಇದ್ದಿದ್ದು?"

ಸಮಾಧಾನ ಮಾಡಬೇಕೆಂದೇ ಅವಳು ಬಾಯಿ ತೆರೆದಳು. ಸಮಾಧಾನದ ಮಾತು ಬರಲಿಲ್ಲ.

"ಇಷ್ಟೇ ಕಣ್ರೀ," ಎಂದಳು. "ಅವತ್ತೂ ಇಷ್ಟೇ ಇತ್ತು."

ಮನೆಗೆ ಬಂದಾಗ ಹಿಟ್ಟು ಟಬ್ಬಿನಿಂದ ಉಕ್ಕಿ, ಮೇಜಿನಿಂದ ಇಳಿದು, ನೆಲದ ಮೇಲೆ ಹರಡಿ ಹುಳಿನಾತ ಹೊಡೆಯುತ್ತಿತ್ತು. ಅವಳನ್ನು ಬಗ್ಗಲು ಬಿಡದೆ ನಂಗೊತ್ತಪ್ಪನೇ ಅದನ್ನೆಲ್ಲ ಕೆರೆದು ಬಕೆಟ್ಟಿಗೆ ತುಂಬಿದ. ಹಾಸ್ಟೆಲ್ಲಿನವರು ಫೋನಿನಲ್ಲಿ ಬೈದರು. ಇವರು ಬೈಸಿಕೊಂಡರು. ಜಾಡಿಯಲ್ಲಿ ಅತ್ತೆಯ ಕಾಲದ ಹೆಪ್ಪು ಹಾಗೆಯೇ ಇತ್ತು. ಸಂಜೆ ಬೇಕರಿಯಕ್ಕ ಅದರಿಂದ ಒಂದು ಹಿಡಿ ತೆಗೆದು ಹೊಸ ಹಿಟ್ಟಿಗೆ ಸೇರಿಸಿದಳು.

ಈಗಲೂ ಬೇಕರಿಯಣ್ಣ ಬಾಗಿಲ ಬಳಿ ಕೂತಿರುತ್ತಾನೆ. ಬಂದ ಗಿರಾಕಿ ಎದೆಯುರಿ, ಗ್ಯಾಸು ಎಂದರೆ ಸಾಕು, ಚಿಲ್ಲರೆ ಕೊಡುವುದನ್ನೂ ಬಿಟ್ಟು, "ಆಸ್ಪತ್ರೆಗೆ ಹೋದ್ರಾ? ಎರಡನೇ ಸಲ ರಕ್ತ ಕೊಟ್ರಾ?" ಎಂದು ಹಿಡಿದುಕೊಳ್ಳುತ್ತಾನೆ. ಕೆಲವರು ಇವನ ಕಾಟ ತಡೆಯಲಾರದೆ ಬೇರೆ ಬೇಕರಿಗೆ ಹೋಗುತ್ತಾರೆ. ಹೋಗಲಿ ಬಿಡಿ.

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ಈಗ ನಿಮಗೇ ಹೇಳುತ್ತಿರುವುದು. ಎದೆ ಬಿಗಿದರೆ, ತಣ್ಣನೆ ಬೆವರು ಬಂದರೆ, ದವಡೆಗೋ ತೋಳಿಗೋ ಬೆನ್ನಿಗೋ ನೋವು ಎಳೆದರೆ, ಉಸಿರು ಸಾಲದಾದರೆ ಸೋಡಾ ಹುಡುಕಬೇಡಿ. ಆಂಬುಲೆನ್ಸ್ ಕರೆಯಿರಿ, ಆಸ್ಪತ್ರೆಗೆ ಹೋಗಿ. ಇಸಿಜಿಯಲ್ಲೇ ಹೃದಯಾಘಾತ ಕಂಡರೆ ಅವರು ರಕ್ತದ ಅಂಕಿಗೆ ಕಾಯದೆ ಚಿಕಿತ್ಸೆ ಶುರು ಮಾಡುತ್ತಾರೆ. ಕಾಣದಿದ್ದರೆ ರಕ್ತ ನೋಡುತ್ತಾರೆ, ಇರಿ ಎನ್ನುತ್ತಾರೆ. ಆಗ ಇರಿ. ಎಷ್ಟು ಹೊತ್ತು ಎಂಬುದು ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆಯಾಗಬಹುದು, ಅವರನ್ನೇ ಕೇಳಿ. ಮೊದಲ ರಿಪೋರ್ಟ್ ಸರಿಯಿದೆ ಎಂದು ಎದ್ದು ಹೋಗಬೇಡಿ, ಹೊರಗಿನ ಲ್ಯಾಬಿನಲ್ಲಿ ಒಂದು ಸಲ ರಕ್ತ ಕೊಟ್ಟು ಮನೆಯಲ್ಲಿ ಕೂರಬೇಡಿ. ಏನೂ ಇಲ್ಲ ಎಂದು ಹೇಳಬೇಕಾದವರು ಡಾಕ್ಟರು. ನೀವಲ್ಲ, ಜೊತೆಗೆ ಬಂದ ನಂಗೊತ್ತಪ್ಪನಂತೂ ಅಲ್ಲವೇ ಅಲ್ಲ.

ನಿಮಗೂ ಮನೆಯಲ್ಲಿ ಏನೋ ಒಂದು ಉಕ್ಕುತ್ತಿರುತ್ತದೆ. ಹಿಟ್ಟೋ, ಹಾಲೋ, ಅಂಗಡಿಯೋ, ಆಫೀಸೋ. ಉಕ್ಕಲಿ. ಹಿಟ್ಟನ್ನು ನಾಳೆ ಮತ್ತೆ ಕಲಸಬಹುದು. ಹೃದಯವನ್ನು ಕಲಸಿಕೊಡುವ ಬೇಕರಿ ಇನ್ನೂ ಯಾವ ಬೀದಿಯಲ್ಲೂ ತೆರೆದಿಲ್ಲ.